ಲೈಟ್ ಹಾಕದೆ ತಿಂದ ಚಪಾತಿ

ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಮುಂಬೈ ಹತ್ತಿರದ ಡೊಂಬಿವಲಿಯ ಒಬ್ಬ ಹೆಂಗಸು ಅಂತಿಟ್ಟುಕೊಳ್ಳಿ. ವಯಸ್ಸು 36, ತವರು ಕುಂದಾಪುರದ ಕಡೆ, ಇಬ್ಬರು ಮಕ್ಕಳು, ಮುಂಬೈಯ ಫೋರ್ಟ್‌ನಲ್ಲಿ ಕೆಲಸ. ನಾನು ಮನಸ್ಸಿನ ತೊಂದರೆಗಳಿಗೆ ಸಲಹೆ ಕೊಡುವವಳು; ಡಯಟ್ ಹೆಸರಲ್ಲಿ ಅರೆಹೊಟ್ಟೆಯಲ್ಲಿದ್ದು ತಮ್ಮನ್ನೇ ಬೈದುಕೊಳ್ಳುವವರು ನನ್ನಲ್ಲಿ ಜಾಸ್ತಿಯಾಗಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಅವರು ಬಂದದ್ದು ಡಯಟ್ ವಿಷಯಕ್ಕಲ್ಲ. ಸಿಟ್ಟು ಜಾಸ್ತಿಯಾಗಿದೆ, ಮಕ್ಕಳ ಮೇಲೆ ಸುಮ್ಸುಮ್ನೆ ಕೂಗಾಡುತ್ತೇನೆ ಅಂತ. ಎರಡು ಭೇಟಿ ಅದರಲ್ಲೇ ಕಳೆಯಿತು. ಮೂರನೇ ಸಲ ತಲೆ ತಗ್ಗಿಸಿ ಹೇಳಿದರು:

"ಮೇಡಂ, ನಿನ್ನೆ ರಾತ್ರಿ ಎಲ್ಲರೂ ಮಲಗಿದ ಮೇಲೆ ಅಡುಗೆಮನೆಗೆ ಹೋಗಿ ಉಳಿದಿದ್ದ ಐದು ಚಪಾತಿ ನಿಂತುಕೊಂಡೇ ತಿಂದೆ. ಲೈಟ್ ಕೂಡ ಹಾಕಲಿಲ್ಲ. ನನ್ನ ಮನಸ್ಸೇ ಗಟ್ಟಿ ಇಲ್ಲ."

ಕೇಳುತ್ತಾ ಹೋದಾಗ ಒಂದೊಂದೇ ಹೊರಗೆ ಬಂತು. ಐದು ತಿಂಗಳಿಂದ ದಿನಕ್ಕೆ 16 ಗಂಟೆ ಉಪವಾಸ, ಅನ್ನ ಪೂರ್ತಿ ಬಂದ್. ಗಂಡ ಹೀಗೇ ಮಾಡಿ ಒಂಬತ್ತು ಕಿಲೋ ಇಳಿಸಿದ್ದರು, ಆರಾಮಾಗಿದ್ದರು. ಇವರು ಬೆಳಗ್ಗೆ ಐದಕ್ಕೆ ಮೊದಲೇ ಎದ್ದು ಎಲ್ಲರ ಡಬ್ಬಿ ಕಟ್ಟಿ, ಲೋಕಲ್‌ನಲ್ಲಿ ನಿಂತೇ ಹೋಗಿ, ಬಾಯಿಗೆ ಮೊದಲ ತುತ್ತು ಇಡುವಾಗ ಮಧ್ಯಾಹ್ನ ಒಂದು ಗಂಟೆ. ಕೂದಲು ಮುಷ್ಟಿಗಟ್ಟಲೆ ಉದುರುತ್ತಿತ್ತು. ಮೂರು ತಿಂಗಳಿಂದ ಮುಟ್ಟು ಬಂದಿರಲಿಲ್ಲ, ಯಾರಿಗೂ ಹೇಳಿರಲಿಲ್ಲ.

ಆಗ ನಾನು ಒಂದು ಹಳೆಯ ಪ್ರಯೋಗದ ವಿಷಯ ಹೇಳಿದೆ. 1944–45ರಲ್ಲಿ ಅಮೆರಿಕದ ಮಿನೆಸೋಟಾ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ಗಟ್ಟಿಮುಟ್ಟಾದ 36 ಯುವಕರನ್ನು ಆರಿಸಿ, ಅವರ ಒಪ್ಪಿಗೆ ಪಡೆದೇ, 24 ವಾರ ಅರೆಹೊಟ್ಟೆಯಲ್ಲಿಟ್ಟರು. ದಿನ ಹೋದಂತೆ ಅವರಿಗೆ ಊಟ ಬಿಟ್ಟು ಬೇರೆ ಯೋಚನೆಯೇ ಇಲ್ಲದಾಯಿತು. ಸಿಡುಕು, ಚಳಿ, ಸುಸ್ತು. ಕೆಲವರು ತಟ್ಟೆ ನೆಕ್ಕಿದರು, ಕೆಲವರು ಅಡುಗೆ ಪುಸ್ತಕ ಗುಡ್ಡೆ ಹಾಕಿಕೊಂಡರು.

ಅವರು ತಲೆ ಎತ್ತಿದರು. "ಗಂಡಸರೂ ಹಾಗೆ ಮಾಡಿದ್ರಾ?"

"ಹೌದು."

"ಅವರಿಗೆ ಎಷ್ಟು ಕ್ಯಾಲೊರಿ ಕೊಡ್ತಿದ್ರು?"

ಸುಮಾರು 1,570 ಅಂದೆ. ಅವರು ಏನೂ ಮಾತಾಡದೆ ಫೋನ್ ತೆಗೆದು ನನ್ನ ಕಡೆ ತಿರುಗಿಸಿದರು. ಕ್ಯಾಲೊರಿ ಲೆಕ್ಕ ಇಡುವ ಆ್ಯಪ್‌ನಲ್ಲಿ ಅವರ ದಿನದ ಮಿತಿ 1,200 ಅಂತಿತ್ತು. ಆ ಯುವಕರು ವಾರಕ್ಕೆ 35 ಕಿಲೋಮೀಟರ್ ನಡೆಯುತ್ತಿದ್ದರು, ಗಂಡಸರ ಮೈ ಬೇರೆ, ಎರಡೂ ಲೆಕ್ಕ ಒಂದೇ ಅಲ್ಲ, ಅದನ್ನೂ ಹೇಳಿದೆ. ಆದರೆ ಅವರು ಆಗಲೇ ಅಳುತ್ತಿದ್ದರು. ಐದು ತಿಂಗಳು ತನ್ನನ್ನೇ ಬೈದುಕೊಂಡ ಅಳು ಅದು.

ನಾನು ಮೊದಲು ಹೇಳಿದ್ದು ಡಾಕ್ಟರ ಹತ್ತಿರ ಹೋಗಿ ಅಂತ. ಮುಟ್ಟು ನಿಲ್ಲಲು ಥೈರಾಯ್ಡ್‌ನಿಂದ ಹಿಡಿದು ಹಲವು ಕಾರಣ ಇರುತ್ತವೆ, ಎಲ್ಲವನ್ನೂ ಡಯಟ್ ತಲೆಗೆ ಕಟ್ಟಬಾರದು. ಆದರೆ ಶಕ್ತಿ ಸಾಲದಾದಾಗ ಮಿದುಳು ಅಂಡಾಶಯಕ್ಕೆ ಕಳಿಸುವ ಸೂಚನೆಯನ್ನೇ ಕಡಿಮೆ ಮಾಡುವುದುಂಟು. ಹಸಿವು ಹೆಚ್ಚಿಸುವ ಗ್ರೆಲಿನ್ ಎಂಬ ಹಾರ್ಮೋನು ಏರುತ್ತದೆ, ಹಸಿವು ತಡೆಯುವ ಲೆಪ್ಟಿನ್ ಎಂಬ ಹಾರ್ಮೋನು ಇಳಿಯುತ್ತದೆ. ಮನಸ್ಸು ಗಟ್ಟಿ ಮಾಡಿಕೊಂಡರೆ ಇದು ನಿಲ್ಲುವುದಿಲ್ಲ. ಆ್ಯಪ್ ತೆಗೆಯಿರಿ, ಬೆಳಗ್ಗೆ ಡಬ್ಬಿ ಕಟ್ಟುವಾಗಲೇ ಏನಾದರೂ ತಿನ್ನಿ, ಅನ್ನ ವಾಪಸ್ ತನ್ನಿ, ಎಷ್ಟು ಏನು ಅನ್ನುವುದನ್ನು ಡಯಟಿಷಿಯನ್ ಹೇಳಲಿ ಅಂದೆ.

ಮುಂದಿನ ಭೇಟಿಗೆ ಗಂಡನೂ ಬಂದರು, ಸ್ವಲ್ಪ ಬೇಸರದಲ್ಲೇ. "ನನಗೆ ಒಗ್ಗಿದ್ದು ಇವಳಿಗೆ ಯಾಕೆ ಒಗ್ಗಲ್ಲ? ನೀವು ಸಲಹೆಗಾರರು, ಊಟದ ವಿಷಯ ನಿಮಗ್ಯಾಕೆ?" ನಿಜ, ಊಟದ ಪಟ್ಟಿ ಬರೆದುಕೊಡುವುದು ನನ್ನ ಕೆಲಸವಲ್ಲ, ಬರೆದುಕೊಟ್ಟೂ ಇಲ್ಲ. ಆದರೆ ಹಸಿದ ಹೊಟ್ಟೆಯ ಸಿಟ್ಟಿಗೆ ಉಸಿರಾಟದ ವ್ಯಾಯಾಮ ಹೇಳಿಕೊಟ್ಟು ಕಳಿಸುವುದು ನನ್ನಿಂದಾಗದು. ಅವರಿಗೆ ಒಂದೇ ಕೇಳಿದೆ: ನೀವು ಎಷ್ಟು ಗಂಟೆಗೆ ಏಳುತ್ತೀರಿ? ಏಳೂವರೆ ಅಂದರು. ಆಮೇಲೆ ಹೆಂಡತಿಯ ಕಡೆ ನೋಡಿದರು.

ಈಗ ಬೆಳಗ್ಗೆ ಒಂದು ಡಬ್ಬಿ ಗಂಡನೇ ಕಟ್ಟುತ್ತಾರೆ. ಇವರು ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ ತಿಂದೇ ಹೊರಡುತ್ತಾರೆ. ಎರಡು ತಿಂಗಳ ಮೇಲೆ ಮುಟ್ಟು ಬಂತು. ಕೂಗಾಟ ಕಡಿಮೆಯಾಗಿದೆ. ತೂಕ ಎರಡು ಕಿಲೋ ಏರಿದೆ, ಅದರ ಬಗ್ಗೆ ಅವರಿಗೆ ಇನ್ನೂ ತುಂಬಾ ಬೇಜಾರಿದೆ, ಮುಂದಿನ ಗುರುವಾರ ಅದನ್ನೇ ಮಾತಾಡಬೇಕು.