ಐದು ಡಾಲರಿನ ಟಿಕೇಟು, ‘ಸ್ವತಂತ್ರ’ವೆಂಬ ಮಾತು

ಮಾನ್ಯರೇ,

ಅಮೆರಿಕದ ರಾಕ್ ತಂಡ ‘ಫುಗಾಜಿ’ಯನ್ನು ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಲೇಖನವನ್ನು ಓದಿ ಧಾರವಾಡದಿಂದ ತಾವು ಬರೆದ ಪತ್ರ ತಲುಪಿದೆ. ದೊಡ್ಡ ಕಂಪನಿ ಕೈಹಿಡಿಯದವರೆಲ್ಲ ತಮ್ಮನ್ನು ‘ಸ್ವತಂತ್ರ’ರೆಂದು ಕರೆದುಕೊಳ್ಳುತ್ತಾರೆ, ಎಟುಕದ ದ್ರಾಕ್ಷಿ ಹುಳಿ ಎಂಬುದಕ್ಕಿಂತ ಹೆಚ್ಚಿನದು ಅದರಲ್ಲೇನೂ ಇಲ್ಲ ಎಂಬುದು ತಮ್ಮ ಮೊದಲ ಆಕ್ಷೇಪ. ಪ್ರವೇಶದರವನ್ನು ಐದೇ ಡಾಲರಿಗೆ ನಿಲ್ಲಿಸಿದ್ದು ಪ್ರಚಾರದ ಜಾಣತನ ಎಂಬುದು ಎರಡನೆಯದು. ಈ ನಾಲ್ವರು ಒಟ್ಟುಗೂಡಿದ ಬಗೆಯನ್ನು ಲೇಖನ ಒಂದೇ ವಾಕ್ಯದಲ್ಲಿ ಮುಗಿಸಿಬಿಟ್ಟಿದೆ ಎಂದೂ ದೂರಿದ್ದೀರಿ. ಆ ದೂರು ನ್ಯಾಯವಾದದ್ದು. ಅಷ್ಟೇ ಅಲ್ಲ, ಆ ಒಂದು ವಾಕ್ಯವೂ ತಪ್ಪಾಗಿತ್ತು: ಮೊದಲ ಸಂಗೀತ ಕಛೇರಿಯಿಂದಲೇ ನಾಲ್ವರೂ ಇದ್ದರೆಂದು ನಾವು ಅಚ್ಚು ಮಾಡಿದೆವು. ಅದನ್ನು ತಿದ್ದುತ್ತಲೇ ಉಳಿದ ಮಾತಿಗೆ ಬರುತ್ತೇನೆ.

ಈ ತಂಡದ ಕಥೆಯನ್ನು ಅದು ಹುಟ್ಟುವುದಕ್ಕೂ ಏಳೆಂಟು ವರ್ಷ ಮೊದಲಿನಿಂದ ಹೇಳದಿದ್ದರೆ ತಮ್ಮ ಮೊದಲ ಆಕ್ಷೇಪಕ್ಕೆ ಉತ್ತರ ಸಿಗುವುದಿಲ್ಲ. 1979ರಲ್ಲಿ ವಾಷಿಂಗ್ಟನ್ ನಗರದ ಹೈಸ್ಕೂಲು ಹುಡುಗರು ಕೆಲವರು ‘ಟೀನ್ ಐಡಲ್ಸ್’ ಎಂಬ ಪಂಕ್ (ವೇಗದ, ಒರಟು ದನಿಯ ರಾಕ್) ತಂಡ ಕಟ್ಟಿದರು. ಅದರಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದವರು ಮುಂದೆ ಫುಗಾಜಿಯನ್ನು ಕಟ್ಟಿದ ಇಯಾನ್ ಮೆಕೈ, ಡ್ರಮ್ಸ್ ಜೆಫ್ ನೆಲ್ಸನ್ ಅವರದು. ತಂಡ ಸುಮಾರು ಒಂದು ವರ್ಷ ಬಾಳಿ ಒಡೆಯಿತು. ಆ ಹೊತ್ತಿಗೆ ಕಾರ್ಯಕ್ರಮಗಳಿಂದ ಕೂಡಿಬಂದಿದ್ದ ಹಣ ಸುಮಾರು 600 ಡಾಲರ್. ಅದನ್ನು ಹಂಚಿಕೊಂಡು ಮನೆಗೆ ಹೋಗುವ ಬದಲು, ಇಲ್ಲದಾಗಿಹೋದ ತಂಡದ ಹಾಡುಗಳನ್ನು ಏಳು ಇಂಚಿನ ರೆಕಾರ್ಡಿಗೆ ಹಾಕಿಸಿ 1980ರ ಕೊನೆಯಲ್ಲಿ ಹೊರತಂದರು. ರೆಕಾರ್ಡಿನ ಹೊದಿಕೆ ಹೇಗೆ ಮಾಡುವುದೆಂದು ತಿಳಿಯದೆ, ಕೊಂಡು ತಂದ ರೆಕಾರ್ಡೊಂದರ ಹೊದಿಕೆಯನ್ನು ಬಿಡಿಸಿ ಅಳತೆ ತೆಗೆದುಕೊಂಡು, ಅಚ್ಚಾದ ಕಾಗದವನ್ನು ತಾವೇ ಕತ್ತರಿಸಿ, ಮಡಚಿ, ಅಂಟಿಸಿದರು. ‘ಡಿಸ್ಕಾರ್ಡ್’ ಸಂಸ್ಥೆ ಶುರುವಾದದ್ದು ಹೀಗೆ. ಒಂದು ರೆಕಾರ್ಡು ಮಾರಿ ಬಂದ ಹಣದಲ್ಲಿ ಮುಂದಿನದನ್ನು ತರುವುದು, ತಮ್ಮ ಊರಿನ ತಂಡಗಳನ್ನಷ್ಟೇ ಪ್ರಕಟಿಸುವುದು, ಕಾಗದದ ಕರಾರು ಇಲ್ಲದೆ ಮಾತಿನ ಮೇಲೆ ನಡೆಯುವುದು ಅದರ ಕ್ರಮವಾಯಿತು. ಮೆಕೈ ಮತ್ತು ನೆಲ್ಸನ್ ಕಟ್ಟಿದ ಮುಂದಿನ ತಂಡ ‘ಮೈನರ್ ಥ್ರೆಟ್’ 1983ರಲ್ಲಿ ಮುಗಿಯುವ ವೇಳೆಗೆ ಪಂಕಿನ ಇನ್ನೂ ಬಿರುಸಾದ ಬಗೆಯಾದ ‘ಹಾರ್ಡ್‌ಕೋರ್’ ಕೇಳುವವರಲ್ಲಿ ಮೆಕೈ ಹೆಸರು ಗೊತ್ತಿಲ್ಲದವರು ಕಡಿಮೆ.

ಅಂದರೆ ಫುಗಾಜಿ ಹುಟ್ಟುವಾಗ ಅದರ ಪ್ರಕಾಶನ ಸಂಸ್ಥೆ ಆಗಲೇ ಸಿದ್ಧವಿತ್ತು, ಸ್ವಂತದ್ದೂ ಆಗಿತ್ತು. ಇವರು ಯಾವ ಕಂಪನಿಯ ಬಾಗಿಲನ್ನೂ ತಟ್ಟಲಿಲ್ಲವಾದ್ದರಿಂದ ದ್ರಾಕ್ಷಿಯ ಉಪಮೆ ಇಲ್ಲಿ ಕೂಡುವುದಿಲ್ಲ. ಆದರೆ ತಮ್ಮ ಸಂಶಯದಲ್ಲಿ ಒಂದು ಪಾಲು ನಿಜವಿದೆ ಎಂಬುದನ್ನೂ ಒಪ್ಪಬೇಕು. ಹೆಸರಿಲ್ಲದ, ಬೆನ್ನಿಗೆ ಸಂಸ್ಥೆಯಿಲ್ಲದ ಹೊಸ ಹುಡುಗರು ಇದೇ ದಾರಿ ಹಿಡಿದಿದ್ದರೆ ಇಷ್ಟು ದೂರ ಬರುತ್ತಿದ್ದರೇ ಎಂದು ಕೇಳಿದರೆ, ಕಷ್ಟವಿತ್ತು ಎಂದೇ ನಾನು ಹೇಳುವೆ. ನಮ್ಮ ಲೇಖನ ಈ ಅನುಕೂಲವನ್ನು ಮರೆಮಾಚಿ, ಎಲ್ಲವೂ ಛಲದಿಂದಲೇ ಆಯಿತೆಂಬಂತೆ ಬರೆದಿತ್ತು.

ಈಗ ತಂಡದ ವಿಷಯ. 1985ರ ಬೇಸಿಗೆಯಲ್ಲಿ ವಾಷಿಂಗ್ಟನ್ನಿನ ಪಂಕ್ ಬಳಗ ಹೊಡೆದಾಟದ ಸಂಸ್ಕೃತಿಗೆ ಬೇಸತ್ತು ಹೊಸ ತಂಡಗಳನ್ನು ಕಟ್ಟಿತ್ತು. ಮೆಕೈ ಅವರ ‘ಎಂಬ್ರೇಸ್’ ಅವುಗಳಲ್ಲೊಂದು. ಅದೂ ಬೇಗನೆ ಒಡೆದ ಮೇಲೆ, ಮತ್ತೊಂದು ತಂಡ ಕಟ್ಟುವ ಆತುರ ಅವರಿಗಿರಲಿಲ್ಲ. ‘ಬೀಫೀಟರ್’ ಎಂಬ ತಂಡದ ಜೊತೆ ಸಾಮಾನು ಸಾಗಿಸಿಕೊಂಡು ಊರೂರು ತಿರುಗುತ್ತಿದ್ದ ಜೋ ಲಾಲಿ ಬೇಸ್ ಗಿಟಾರ್ ಹಿಡಿದು ಬಂದರು. ಡ್ರಮ್ಸಿಗೆ ಮೊದಲು ಬಂದವರು ಕಾಲಿನ್ ಸಿಯರ್ಸ್; ಅವರು ತಮ್ಮ ಹಳೆಯ ತಂಡ ‘ಡ್ಯಾಗ್ ನ್ಯಾಸ್ಟಿ’ಗೆ ಮರಳಿದಾಗ ಆ ಜಾಗಕ್ಕೆ ‘ರೈಟ್ಸ್ ಆಫ್ ಸ್ಪ್ರಿಂಗ್’ ತಂಡದಲ್ಲಿದ್ದ ಬ್ರೆಂಡನ್ ಕ್ಯಾಂಟಿ ಬಂದರು. 1987ರ ಸೆಪ್ಟೆಂಬರ್ 3ರಂದು ವಾಷಿಂಗ್ಟನ್ನಿನ ವಿಲ್ಸನ್ ಸೆಂಟರಿನಲ್ಲಿ ಮೊದಲ ಕಛೇರಿ ನಡೆದಾಗ ವೇದಿಕೆಯ ಮೇಲಿದ್ದದ್ದು ಈ ಮೂವರೇ.

ನಾಲ್ಕನೆಯವರಾದ ಗೀ ಪಿಚೊಟ್ಟೊ ಕ್ಯಾಂಟಿಯ ಹಳೆಯ ಜೊತೆಗಾರ. ಅವರಿಗೆ ಆಗ ಬೇರೊಂದು ತಂಡವಿತ್ತು. ತಾಲೀಮಿನ ಕೋಣೆಗೆ ಸುಮ್ಮನೆ ಬಂದು ಕೂರುತ್ತಿದ್ದವರು ಹಿನ್ನೆಲೆಯಲ್ಲಿ ದನಿಗೂಡಿಸತೊಡಗಿದರು. ಹಿಪ್‌ಹಾಪ್ ತಂಡಗಳಲ್ಲಿ ಮುಖ್ಯ ಗಾಯಕನ ಮಾತಿಗೆ ಎದುರುಮಾತು ಕೊಡುವ ಇನ್ನೊಬ್ಬನಿರುತ್ತಾನಲ್ಲ, ಆ ಪಾತ್ರ ಅವರ ಮನಸ್ಸಿನಲ್ಲಿತ್ತು. (ನಮ್ಮ ಯಕ್ಷಗಾನ ಪ್ರೇಕ್ಷಕರಿಗೆ ಭಾಗವತನ ಪದಕ್ಕೆ ವೇಷಧಾರಿಯ ಮಾತು ಹೆಣೆದುಕೊಳ್ಳುವ ಕ್ರಮ ನೆನಪಾದರೆ ಆಶ್ಚರ್ಯವಿಲ್ಲ, ಹೋಲಿಕೆ ಅಲ್ಲಿಗೇ ನಿಲ್ಲುತ್ತದೆ.) ತಮ್ಮ ತಂಡ ಒಡೆದ ನಂತರ, 1988ರಲ್ಲಿ, ಅವರು ಪೂರ್ಣವಾಗಿ ಇತ್ತ ಬಂದರು. ಆಗಲೂ ಗಿಟಾರ್ ಮೆಕೈ ಅವರೊಬ್ಬರದೇ. ಪಿಚೊಟ್ಟೊ ಗಿಟಾರ್ ಹಿಡಿದದ್ದು ನಂತರ. ಎರಡು ಗಿಟಾರುಗಳ ಜಗಳವೇ ಈ ತಂಡದ ಗುರುತು ಎಂದು ನಾವು ಬರೆದದ್ದು 1990ರ ‘ರಿಪೀಟರ್’ ಎಂಬ ಹಾಡುಗಳ ಸಂಕಲನಕ್ಕೆ (ಆಲ್ಬಂ) ಸಲ್ಲುವ ಮಾತು, ಮೊದಲ ಹಾಡುಗಳಿಗಲ್ಲ.

1988ರ ಜೂನ್‌ನಲ್ಲಿ ಏಳು ಹಾಡುಗಳನ್ನು ಧ್ವನಿಮುದ್ರಿಸಿಕೊಂಡು ಅವರು ಯೂರೋಪಿಗೆ ಹೊರಟರು. ಆ ದೀರ್ಘ ತಿರುಗಾಟದ ಕೊನೆಗೆ, ಡಿಸೆಂಬರಿನಲ್ಲಿ, ಲಂಡನ್ನಿನಲ್ಲಿ ಪೂರ್ಣ ಪ್ರಮಾಣದ ಸಂಕಲನ ಮುದ್ರಿಸುವ ಯೋಜನೆಯಿತ್ತು. ಆದರೆ ದಣಿದ ಮೈಯಲ್ಲಿ ನುಡಿಸಿದ್ದು ಅವರಿಗೇ ಒಪ್ಪಿಗೆಯಾಗಲಿಲ್ಲ. ಆರು ಹಾಡುಗಳನ್ನಷ್ಟೇ ಉಳಿಸಿಕೊಂಡು ‘ಮಾರ್ಜಿನ್ ವಾಕರ್’ ಎಂದು 1989ರಲ್ಲಿ ಹೊರತಂದರು. ಇಂಥ ದಿನಾಂಕಕ್ಕೆ ಸಂಕಲನ ಬರಲೇಬೇಕೆಂದು ಹೇಳುವ ಯಜಮಾನ ಇಲ್ಲದಿದ್ದರಿಂದ ಅದು ಸಾಧ್ಯವಾಯಿತು.

ಐದು ಡಾಲರಿನ ಪ್ರಶ್ನೆ ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ದೊಡ್ಡ ಕಂಪನಿ ತಂಡಕ್ಕೆ ಕೊಡುವ ಮುಂಗಡವೆಂಬುದು ಸಾಲವೇ. ಧ್ವನಿಮುದ್ರಣದ ಖರ್ಚನ್ನೂ ಸೇರಿಸಿ ಅದು ತಂಡದ ರಾಯಧನದಿಂದಲೇ ಮುರಿದುಕೊಳ್ಳಲ್ಪಡುತ್ತದೆ. ಸಾಲ ತೀರುವವರೆಗೆ ಹೆಚ್ಚು ದರದ ಟಿಕೇಟು, ಟೀ ಶರ್ಟು, ಜಾಹೀರಾತು ಎಲ್ಲವೂ ಬೇಕಾಗುತ್ತದೆ. ಫುಗಾಜಿ ಲೆಕ್ಕವನ್ನು ಖರ್ಚಿನ ತುದಿಯಿಂದ ಹಿಡಿಯಿತು. ಕಾರ್ಯಕ್ರಮಗಳನ್ನು ದಳ್ಳಾಳಿಗಳಿಲ್ಲದೆ ತಾವೇ ಗೊತ್ತುಮಾಡಿದರು, ವ್ಯಾನಿನಲ್ಲಿ ತಿರುಗಿದರು, ಪರಿಚಿತರ ಮನೆಗಳಲ್ಲಿ ಮಲಗಿದರು, ತಂಡದ ಹೆಸರಿನ ಟೀ ಶರ್ಟು ಮಾರಲೇ ಇಲ್ಲ. ಐದು ಡಾಲರಿಗೆ ಸಾಕಾಗುವ ಹಾಗೆ ಮೊದಲು ಬದುಕನ್ನು ಹೊಂದಿಸಿಕೊಂಡರು, ದರ ಅದರ ಹಿಂದೆ ಬಂತು.

ದರದ ಜೊತೆಗೇ ಇನ್ನೊಂದು ಷರತ್ತಿತ್ತು: ಯಾವ ವಯಸ್ಸಿನವರಿಗೂ ಪ್ರವೇಶವಿರಬೇಕು. 1984ರ ಒಕ್ಕೂಟ ಕಾಯಿದೆಯ ಒತ್ತಡದಿಂದ ಅಮೆರಿಕದಾದ್ಯಂತ ಮದ್ಯ ಕೊಳ್ಳುವ ವಯಸ್ಸು 21ಕ್ಕೆ ಏರಿತು. ಮದ್ಯದ ಮಾರಾಟವನ್ನೇ ನಂಬಿದ್ದ ಕ್ಲಬ್ಬುಗಳು ಎಳೆಯರನ್ನು ಬಾಗಿಲಲ್ಲೇ ತಡೆಯುತ್ತಿದ್ದವು. ಟೀನ್ ಐಡಲ್ಸ್ ದಿನಗಳಲ್ಲಿ ಕ್ಯಾಲಿಫೋರ್ನಿಯಾದ ಕ್ಲಬ್ಬೊಂದು ಕುಡಿಯುವ ವಯಸ್ಸಾಗದ ಈ ಹುಡುಗರ ಕೈಮೇಲೆ ಗುಣಾಕಾರದ ಗುರುತು ಬರೆದು ಒಳಗೆ ಬಿಟ್ಟಿತ್ತು. ಹೊರಗೆ ನಿಲ್ಲುವುದೆಂದರೇನೆಂದು ಮೆಕೈ ಅವರಿಗೆ ಗೊತ್ತಿತ್ತು. ಆದ್ದರಿಂದ ಕ್ಲಬ್ಬು ಒಪ್ಪದ ಕಡೆ ಚರ್ಚಿನ ನೆಲಮಾಳಿಗೆ, ಸಮುದಾಯ ಭವನಗಳನ್ನು ಹಿಡಿದರು. ಸಭೆಯಲ್ಲಿ ಇತರರ ಮೇಲೆ ಬೀಳುತ್ತಿದ್ದವರನ್ನು ಹಾಡು ನಿಲ್ಲಿಸಿ ಗದರಿಸಿ, ಕೇಳದಿದ್ದರೆ ಐದು ಡಾಲರನ್ನು ಲಕೋಟೆಯಲ್ಲಿಟ್ಟು ಕೈಗೆ ಕೊಟ್ಟು ಹೊರಗೆ ಕಳುಹಿಸುತ್ತಿದ್ದರು. ಇದರಿಂದ ಪ್ರಚಾರವೂ ಸಿಕ್ಕಿತೆಂಬುದು ನಿಜ. ಪ್ರಚಾರಕ್ಕಾಗಿ ಮಾಡಿದ ಜಾಣತನವಾಗಿದ್ದರೆ ಹೆಸರು ಬಂದ ಮೇಲೆ ದರ ಏರಬೇಕಿತ್ತು. 1990ರ ದಶಕದಲ್ಲಿ ದೊಡ್ಡ ಕಂಪನಿಗಳೇ ಹುಡುಕಿಕೊಂಡು ಬಂದ ಮೇಲೂ ಅವರು ಆ ಅಗ್ಗದ ದರದ ಪಟ್ಟನ್ನು ಬಿಡಲಿಲ್ಲ.

ತಂಡದ ಹೆಸರಿನ ಅರ್ಥ ಕೇಳಿದ್ದೀರಿ. ವಿಯೆಟ್ನಾಂ ಯುದ್ಧದಲ್ಲಿದ್ದ ಅಮೆರಿಕನ್ ಸೈನಿಕರ ಬೈಗುಳ ಬೆರೆತ ಆಡುಮಾತು ಅದು: ಹೊಂಚುದಾಳಿಗೆ ಸಿಕ್ಕಿ ಹೆಣದ ಚೀಲ ಸೇರಿದ ಸ್ಥಿತಿ ಎಂದರ್ಥ.

ಕೇಳಲು ಎಲ್ಲಿಂದ ಆರಂಭಿಸಲಿ ಎಂದಿದ್ದೀರಿ. ಮೊದಲ ಏಳು, ಲಂಡನ್ನಿನ ಆರು, ಎರಡನ್ನೂ ಕೂಡಿಸಿ 1989ರಲ್ಲೇ ‘13 ಸಾಂಗ್ಸ್’ ಎಂದು ತಂದರು, ಅದು ಸಾಕು. ಅದರ ಮೊದಲ ಹಾಡು ‘ವೇಟಿಂಗ್ ರೂಮ್’ ಲಾಲಿಯ ಬೇಸ್ ಗಿಟಾರಿನಿಂದ ಶುರುವಾಗುತ್ತದೆ. ಅರ್ಧ ನಿಮಿಷ ತುಂಬುವ ಮುನ್ನವೇ ಎಲ್ಲ ವಾದ್ಯಗಳೂ ಒಮ್ಮೆಲೇ ನಿಂತು ಕೆಲವು ಸೆಕೆಂಡು ಏನೂ ಕೇಳಿಸುವುದಿಲ್ಲ. ಯಂತ್ರ ಕೆಟ್ಟಿತೆಂದು ಎದ್ದು ಹೋಗಬೇಡಿ, ಅವರು ಮತ್ತೆ ಶುರು ಮಾಡುತ್ತಾರೆ.

— ಸಂಪಾದಕ