ಮೂರನೆಯ ಕ್ಲಾರಿನೆಟ್ ಯಾರಿಗೆ ಕೇಳಿಸುತ್ತದೆ?

ಟೆಕ್ಸಾಸ್‌ನ ಡಲ್ಲಾಸ್ ಪಕ್ಕದ ಊರಿನಿಂದ ಓದುಗರೊಬ್ಬರು ನಾಲ್ಕು ಪುಟದ ಕಾಗದ ಬರೆದಿದ್ದಾರೆ. ಅವರ ಮಗಳು ಹತ್ತನೆಯ ತರಗತಿ. ಎಂಟು ವರ್ಷ ಕರ್ನಾಟಕ ಸಂಗೀತ ಕಲಿತವಳು ಈ ವರ್ಷ ಹೈಸ್ಕೂಲಿನ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುತ್ತಾಳೆ, ಕಾಯರ್ ಎಂಬ ಮೇಳಗಾನದಲ್ಲಿ ಆಲ್ಟೊ, ಅಂದರೆ ಹೆಣ್ಣುದನಿಯ ಕೆಳಗಿನ ಭಾಗ, ಹಾಡುತ್ತಾಳೆ. ಆಗಸ್ಟ್‌ನಲ್ಲಿ ಶಾಲೆ ತೆರೆಯುವ ಮೊದಲೇ ಪಾರ್ಕಿಂಗ್ ಜಾಗದ ಕಾದ ಡಾಂಬರಿನ ಮೇಲೆ ಕವಾಯತು ಶುರು. ಆಮೇಲೆ ಶುಕ್ರವಾರ ಬಂದರೆ ಫುಟ್‌ಬಾಲ್ ಪಂದ್ಯ, ಡಿಸೆಂಬರ್‌ನಲ್ಲಿ ಕಾರ್ಯಕ್ರಮ, ಈಗ ವಸಂತದಲ್ಲಿ ಟೆಕ್ಸಾಸ್ ಶಾಲೆಗಳ ಯುಐಎಲ್ ಸ್ಪರ್ಧೆ, ಮೇ ತಿಂಗಳಲ್ಲಿ ಕೊನೆಯ ಕಛೇರಿ. ನವರಾತ್ರಿಯ ಗೊಂಬೆ ಆರತಿಗೆ ಹಾಡಲು ಮಗಳು ಮನೆಯಲ್ಲಿರಲಿಲ್ಲ, ಕನ್ನಡ ಕೂಟದ ಯುಗಾದಿಗೂ ಬರಲಿಲ್ಲ. ಬ್ಯಾಂಡಿನಿಂದ ಕರ್ನಾಟಕ ಸಂಗೀತಕ್ಕೆ ನಷ್ಟ ಎಂದು ಸಂಗೀತದ ಮೇಷ್ಟ್ರಿಗೆ ಬೇಸರ, ತಾಯಿಗೆ ಓದಿನ ಚಿಂತೆ. ಕೊನೆಗೆ ಕೇಳುತ್ತಾರೆ: "ನೂರಕ್ಕೂ ಹೆಚ್ಚು ಮಕ್ಕಳ ನಡುವೆ ಇವಳದು ಮೂರನೆಯ ಕ್ಲಾರಿನೆಟ್, ಮಟ್ಟಿನ ಕೆಳಗಿನ ಸ್ವರಗಳನ್ನು ನುಡಿಸುವ ಜಾಗ. ಇವಳು ನುಡಿಸಿದ್ದು ಯಾರಿಗೂ ಕೇಳಿಸುವುದೇ ಇಲ್ಲ. ಮುಂದಿನ ವರ್ಷ ಬಿಡಿಸಿಬಿಡಲೇ?"

ಬಿಡಿಸಬೇಡಿ ತಾಯಿ.

ನಿಮ್ಮ ಮೇಷ್ಟ್ರ ಮಾತಿನಲ್ಲಿ ಹುರುಳಿದೆ. ತೋಡಿ ರಾಗದ ಗಾಂಧಾರ ಸ್ವರವನ್ನು ಬ್ಯಾಂಡ್ ಕಲಿಸಲಾರದು. ರಾಗವನ್ನು ಹಿಡಿದು ತಾನೇ ಬೆಳೆಸುವ ಮನೋಧರ್ಮ ಗುರುವಿನ ಎದುರು ಒಬ್ಬಳೇ ಕೂತಾಗ ಬರುವಂಥದ್ದು. ಅದನ್ನು ಒಪ್ಪುತ್ತೇನೆ. ಓದಿನ ಚಿಂತೆಗೆ ನಿಮ್ಮ ರಾಜ್ಯದ ಕಾನೂನೇ ಉತ್ತರ ಹೇಳುತ್ತದೆ: 1984ರಲ್ಲಿ ಮಾಡಿದ ನಿಯಮದಂತೆ ಅಲ್ಲಿ ಪಾಠದಲ್ಲಿ ಫೇಲಾದ ಮಗು ಸ್ಪರ್ಧೆಯ ಅಂಗಳಕ್ಕೆ ಇಳಿಯುವಂತಿಲ್ಲ. ನಿಮ್ಮ ಮಗಳು ಇಳಿಯುತ್ತಿದ್ದಾಳೆ ಎಂದಮೇಲೆ ಪಾಠವೂ ನಡೆಯುತ್ತಿದೆ.

ನನ್ನನ್ನು ಚುಚ್ಚಿದ್ದು ಆ ಇನ್ನೊಂದು ಮಾತು, "ಯಾರಿಗೂ ಕೇಳಿಸುವುದೇ ಇಲ್ಲ" ಎಂಬುದು. ನಿಮ್ಮ ಮಗಳು ಎಂಟು ವರ್ಷ ಹಾಡಿದ್ದು ತಂಬೂರಿಯ ಆಸರೆಯಲ್ಲಿ. ತಂಬೂರಿ ಮೀಟುವವರಿಗೆ ಯಾರು ಚಪ್ಪಾಳೆ ತಟ್ಟುತ್ತಾರೆ? ಆದರೆ ಅದರ ತಂತಿ ಒಂದು ಕೂದಲೆಳೆ ಇಳಿದರೂ ಹಾಡುವವರ ಹುಬ್ಬು ಗಂಟಾಗುತ್ತದೆ. ಮೂರನೆಯ ಕ್ಲಾರಿನೆಟ್ ಅಂಥ ಜಾಗ. ಮೇಲಿನ ಮಟ್ಟನ್ನು ಎಲ್ಲರೂ ಗುನುಗಿಕೊಂಡು ಮನೆಗೆ ಹೋಗುತ್ತಾರೆ, ಅದನ್ನು ಹೊತ್ತು ನಿಂತ ಕೆಳಗಿನ ಸ್ವರ ಯಾರ ಬಾಯಿಗೂ ಬರುವುದಿಲ್ಲ. ಅದನ್ನು ತೆಗೆದು ನೋಡಿ, ಮಟ್ಟು ಬಡಕಲಾಗುತ್ತದೆ.

ಆಲ್ಟೊ ಹಾಡುವುದು ಇನ್ನೂ ಕಷ್ಟ. ನಮ್ಮ ಭಜನೆಯಲ್ಲಿ, ಸೋಬಾನೆಯಲ್ಲಿ ಎಲ್ಲರದೂ ಒಂದೇ ಧಾಟಿ. ತಪ್ಪಿದರೆ ಪಕ್ಕದವರ ದನಿಯನ್ನು ಹಿಡಿದುಕೊಂಡರಾಯಿತು. ಕಾಯರ್‌ನಲ್ಲಿ ಪಕ್ಕದವಳು ಬೇರೆಯೇ ಸ್ವರ ಹಿಡಿದಿರುತ್ತಾಳೆ. ಅವಳನ್ನು ಪೂರ್ತಿ ಕೇಳಿಸಿಕೊಳ್ಳಬೇಕು, ಆದರೂ ತನ್ನ ಸ್ವರ ಬಿಡಬಾರದು. ಹದಿನೈದರ ವಯಸ್ಸಿನಲ್ಲಿ ಇದನ್ನು ಕಲಿಸುವ ಬೇರೆ ತರಗತಿ ಯಾವುದಿದೆ ಹೇಳಿ.

ಯುಐಎಲ್ ಎಂದು ಒಂದೇ ಪದದಲ್ಲಿ ಮುಗಿಸಿದ್ದೀರಿ. ಅದರ ಎರಡನೆಯ ಸುತ್ತನ್ನು ಕೂತು ನೋಡಿದ್ದೀರಾ? ಮಕ್ಕಳು ಎಂದೂ ಕಾಣದ ಕೃತಿಯೊಂದನ್ನು ಮುಂದಿಡುತ್ತಾರೆ. ಬ್ಯಾಂಡಿನ ಮೇಷ್ಟ್ರಿಗೆ ಕೆಲವೇ ನಿಮಿಷ ವಿವರಿಸಲು ಅವಕಾಶ. ಮಕ್ಕಳು ಕೀಲಿಗಳ ಮೇಲೆ ಬೆರಳಾಡಿಸಬಹುದು, ಬಾಯಲ್ಲಿ ಹೇಳಿಕೊಳ್ಳಬಹುದು, ಊದುವಂತಿಲ್ಲ. ಆಮೇಲೆ ಎಲ್ಲರೂ ಸೇರಿ ನುಡಿಸಬೇಕು. ಆ ಕೆಲವು ನಿಮಿಷ ಇಡೀ ಬ್ಯಾಂಡು ಸದ್ದಿಲ್ಲದೆ ಸಂಗೀತ ಕೇಳಿಸಿಕೊಳ್ಳುತ್ತಿರುತ್ತದೆ. ಮೂರನೆಯ ಸಾಲಿನವರಿಗೆ ಅಲ್ಲಿ ರಿಯಾಯಿತಿ ಇಲ್ಲ.

ಬ್ಯಾಂಡಿನಿಂದ ಕರ್ನಾಟಕ ಸಂಗೀತಕ್ಕೆ ನಷ್ಟ ಎಂದು ನಿಮ್ಮ ಮೇಷ್ಟ್ರು ಹೇಳಿದ್ದಾರಂತೆ. ಮುತ್ತುಸ್ವಾಮಿ ದೀಕ್ಷಿತರೇ ಮದರಾಸಿನಲ್ಲಿ ಇಂಗ್ಲಿಷರ ಬ್ಯಾಂಡು ಕೇಳಿ, ಆ ಮಟ್ಟುಗಳಿಗೆ ಸಂಸ್ಕೃತದ ಸಾಹಿತ್ಯ ಕೂಡಿಸಿದರು. ನಿಮ್ಮ ಮಗಳೂ ಚಿಕ್ಕವಳಿದ್ದಾಗ ಆ ನೊಟ್ಟುಸ್ವರಗಳಲ್ಲಿ ಒಂದೆರಡನ್ನು ಹಾಡಿಯೇ ಇರುತ್ತಾಳೆ. ಬಂಟ್ವಾಳ ತಾಲ್ಲೂಕಿನ ಸಜೀಪಮೂಡದಲ್ಲಿ ನಾಗಸ್ವರದ ಮನೆಯಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ಸ್ಯಾಕ್ಸೊಫೋನಿಗೆ ಮನಸೋತದ್ದು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕೇಳಿ. 1994ರಲ್ಲಿ ಅವರು ಅದೇ ವಾದ್ಯ ಹಿಡಿದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಕರ್ನಾಟಕ ಸಂಗೀತ ನುಡಿಸಿದರು. ಇದನ್ನು ನಿಮ್ಮ ಮೇಷ್ಟ್ರಿಗೆ ಓದಿ ಹೇಳಿ.

ದಸರೆಯಲ್ಲಿ ಅರಮನೆಯೆದುರು ಪೊಲೀಸ್ ಬ್ಯಾಂಡ್ ಕೇಳಲು ನಾನೂ ಹೋಗಿ ನಿಲ್ಲುತ್ತಿದ್ದೆ. ಒಂದು ವರ್ಷ ದೊಡ್ಡ ಕಂಚಿನ ತಾಳ ಹಿಡಿದವರೊಬ್ಬರು ನನಗೆ ತೀರ ಹತ್ತಿರದಲ್ಲಿದ್ದರು. ಎಡಗೈಯ ಬೆರಳನ್ನು ತೊಡೆಯ ಮೇಲೆ ಒತ್ತಿ ಎಣಿಸುತ್ತಲೇ ಇದ್ದರು. ತುಟಿ ಅಲುಗುತ್ತಿತ್ತು, ಕಣ್ಣು ನಾಯಕನ ಕೋಲಿನ ಮೇಲೆ. ಎಷ್ಟೋ ಹೊತ್ತಿನ ಮೇಲೆ ಎದ್ದರು, ಒಮ್ಮೆ ತಾಳ ಕೂಡಿಸಿದರು, ಅದರ ಗುಂಯ್ ಸದ್ದನ್ನು ಎದೆಗೊತ್ತಿ ಅಡಗಿಸಿದರು, ಕೂತು ಮತ್ತೆ ಎಣಿಸತೊಡಗಿದರು. ಆ ರಾತ್ರಿ ನುಡಿಸಿದ ಕೃತಿಗಳೆಲ್ಲ ಮರೆತಿವೆ, ಆ ಬೆರಳು ಮರೆತಿಲ್ಲ.

ಶಾಲೆಯಲ್ಲಿ ಸಂಗೀತ ಅಮೆರಿಕದಲ್ಲೂ ತಾನಾಗಿ ಬಂದದ್ದಲ್ಲ. ಬಾಸ್ಟನ್ನಿನ ಲೋವೆಲ್ ಮೇಸನ್ 1837ರಲ್ಲಿ ಸಂಬಳವಿಲ್ಲದೆ ಒಂದು ಶಾಲೆಯ ಮಕ್ಕಳಿಗೆ ಹಾಡು ಕಲಿಸಿ ತೋರಿಸಿದರು. ಮರುವರ್ಷ ಆ ಊರಿನ ಸರ್ಕಾರಿ ಶಾಲೆಗಳ ಪಾಠಪಟ್ಟಿಗೆ ಸಂಗೀತ ಸೇರಿತು. ದನಿ ಇದ್ದವರಿಗೆ ಮಾತ್ರವಲ್ಲ, ಎಲ್ಲ ಮಕ್ಕಳಿಗೂ ಹಾಡು ಬರುತ್ತದೆ ಎಂಬುದು ಅವರ ಹಟವಾಗಿತ್ತು.

ಆ ಹಟ ನಮ್ಮಲ್ಲಿ ಯಾರಿಗಿದೆ? ನಾಡಗೀತೆಯ ಧಾಟಿಗಾಗಿ ವರ್ಷಗಟ್ಟಲೆ ಜಗಳವಾಡಿದೆವು. 2022ರಲ್ಲಿ ಸರ್ಕಾರ ಮೈಸೂರು ಅನಂತಸ್ವಾಮಿಯವರ ಧಾಟಿ, ಎರಡೂವರೆ ನಿಮಿಷ ಎಂದು ಗೊತ್ತುಮಾಡಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಕೋಟಿ ಕಂಠ ಗಾಯನವೂ ನಡೆಯಿತು. ಮಕ್ಕಳಿಗೆ ಅದನ್ನು ಶ್ರುತಿಯಲ್ಲಿ ಕಲಿಸಲು ಶಾಲೆಯಲ್ಲಿ ಯಾರಿದ್ದಾರೆ ಎಂದು ಮಾತ್ರ ಯಾರೂ ಕೇಳಲಿಲ್ಲ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೆಯ ತರಗತಿಯವರೆಗೂ ಕಲೆ ಕಡ್ಡಾಯವಾಗಲಿ ಎಂದಿತ್ತು. ಎಂಟನೆಯ ತರಗತಿ ದಾಟುತ್ತಲೇ ಸಂಗೀತದ ಪೀರಿಯಡ್ಡನ್ನು ಗಣಿತ ನುಂಗುವುದು ನಿಂತಿಲ್ಲ. ಕಳೆದ ರಾಜ್ಯೋತ್ಸವಕ್ಕೆ ನಾನು ಅತಿಥಿಯಾಗಿ ಹೋಗಿದ್ದ ಹೈಸ್ಕೂಲಿನಲ್ಲಿ ನಾಡಗೀತೆ ಮೊಬೈಲಿನಿಂದ ಬಂತು. ಶಿಕ್ಷಕರೊಬ್ಬರು ಅದನ್ನು ಮೈಕಿಗೆ ಹಿಡಿದು ನಿಂತಿದ್ದರು, ಮುನ್ನೂರು ಮಕ್ಕಳು ಸುಮ್ಮನೆ ಬಾಯಿ ಆಡಿಸಿದರು. ಕೊಠಡಿಯ ಮೂಲೆಯಲ್ಲಿ ಬ್ಯಾಂಡ್ ಸೆಟ್ ಇತ್ತು. ದೊಡ್ಡ ಡ್ರಮ್ಮಿನ ಮುಖ ಹರಿದಿತ್ತು, ಒಳಗೆ ಸೀಮೆಸುಣ್ಣದ ಡಬ್ಬಗಳನ್ನು ತುಂಬಿದ್ದರು.

ಬಾಯಿ ಆಡಿಸುವ ಆ ಮಕ್ಕಳನ್ನು ನೋಡಲು ನನ್ನಿಂದಾಗಲಿಲ್ಲ. ನಾನು ಎಂಟನೆಯ ತರಗತಿಯಲ್ಲಿದ್ದಾಗ, ಇನ್‌ಸ್ಪೆಕ್ಟರು ಬರುವ ದಿನ, ಪ್ರಾರ್ಥನೆಯ ಸಾಲಿನಲ್ಲಿ ನಿಂತಿದ್ದವನ ಬಳಿ ಮೇಷ್ಟ್ರು ಬಂದು, "ನೀನು ಬಾಯಿ ಆಡಿಸು ಸಾಕು, ದನಿ ತೆಗೀಬೇಡ" ಎಂದರು. ಇಂದಿಗೂ ನಾಲ್ಕು ಜನ ಕೂಡಿ ಹಾಡುವಾಗ ನನ್ನ ಗಂಟಲು ಕಟ್ಟುತ್ತದೆ. ನಿಮ್ಮ ಮಗಳಿಗೆ ಯಾರೂ ಹಾಗೆ ಹೇಳಿಲ್ಲ. ನೂರು ಜನರಲ್ಲಿ ಅವಳಿಗೊಂದು ಕುರ್ಚಿಯಿದೆ, ಅವಳ ಸ್ವರಗಳನ್ನೇ ಬರೆದ ಹಾಳೆಯಿದೆ.

ಮೇ ತಿಂಗಳ ಕಛೇರಿಯ ಹಿಂದಿನ ಸಂಜೆ ಆ ಹಾಳೆಯೊಂದನ್ನೇ ನುಡಿಸಿ ತೋರಿಸಲು ಹೇಳಿ. ನುಡಿಸುವ ಮೊದಲು ಕ್ಲಾರಿನೆಟ್ಟಿನ ಬಾಯಿಗೆ ಕಟ್ಟುವ ಆ ಬಿದಿರಿನಂಥ ಪಟ್ಟಿಯನ್ನು ಬಾಯಲ್ಲಿಟ್ಟು ನೆನೆಸುತ್ತಾಳೆ, ನಮ್ಮ ವಾಲಗದವರು ಸೀವಾಳಿ ನೆನೆಸುವ ಹಾಗೆಯೇ. ಅರ್ಧ ಹೊತ್ತು ಸುಮ್ಮನೆ ಎಣಿಸುತ್ತಾಳೆ. ನಿಮಗೆ ಹಾಡೆಂದು ಅನ್ನಿಸುವುದೇ ಇಲ್ಲ. ಮಾರನೆಯ ದಿನ ಸಭಾಂಗಣದಲ್ಲಿ ಅವೇ ಸ್ವರಗಳಿಗೆ ಕಿವಿಗೊಟ್ಟು ಕೂತುಕೊಳ್ಳಿ. ಸಿಕ್ಕವೇ ಎಂದು ನನಗೆ ಬರೆದು ತಿಳಿಸಿ.

-ಸಂ.