ಡಬ್ಬಿ ಹಾಲು ಕುಡಿಯುವ ಮಗುವಿಗೆ ತೂಕ ಹೆಚ್ಚು ಏಕೆ?

ಪ್ರಶ್ನೆ: ನನ್ನ ಮಗಳಿಗೆ ಐದು ತಿಂಗಳು. ಹುಟ್ಟಿದಾಗ 3 ಕೆ.ಜಿ. ಇದ್ದಳು, ಈಗ 6.2. ಎದೆಹಾಲು ಬಿಟ್ಟು ಬೇರೇನೂ ಕೊಟ್ಟಿಲ್ಲ. ಅಕ್ಕನ ಮಗಳಿಗೂ ಅಷ್ಟೇ ವಯಸ್ಸು, ಡಬ್ಬಿ ಹಾಲು ಕುಡಿದು 7.3 ಕೆ.ಜಿ. ಆಗಿದ್ದಾಳೆ. ನನ್ನ ಹಾಲಿನಲ್ಲಿ ಸತ್ವ ಸಾಲದೇ? ಡಬ್ಬಿ ಹಾಲು ಶುರು ಮಾಡಲೇ?

ಉತ್ತರ: ಬೇಡ. ನಿಮ್ಮ ಮಗಳ ತೂಕ ಹುಟ್ಟಿದಾಗಿನದಕ್ಕಿಂತ ಎರಡು ಪಟ್ಟು ದಾಟಿದೆ. ಆ ವಯಸ್ಸಿಗೆ ಅದು ಆರೋಗ್ಯಕರ ಮಿತಿಯೊಳಗೇ ಇದೆ.

ಎರಡೂ ಹಾಲಿನಲ್ಲಿ ಕ್ಯಾಲೊರಿ ಹೆಚ್ಚುಕಡಿಮೆ ಒಂದೇ, 100 ಮಿ.ಲೀ.ಗೆ 65–70. ವ್ಯತ್ಯಾಸ ಇರುವುದು ಪ್ರೋಟೀನಿನಲ್ಲಿ. ಎದೆಹಾಲಿನ 100 ಮಿ.ಲೀ.ನಲ್ಲಿ ಸುಮಾರು 1 ಗ್ರಾಂ ಪ್ರೋಟೀನ್ ಇದ್ದರೆ ಡಬ್ಬಿ ಹಾಲಿನಲ್ಲಿ ಸಾಮಾನ್ಯವಾಗಿ 1.2ರಿಂದ 1.5 ಗ್ರಾಂ. ಡಬ್ಬಿ ಹಾಲಿಗೆ ಸಾಮಾನ್ಯವಾಗಿ ಬಳಸುವ ಹಸುವಿನ ಹಾಲಿನ ಪ್ರೋಟೀನಿನಲ್ಲಿ ಅಮೈನೋ ಆಮ್ಲಗಳ, ಅಂದರೆ ಪ್ರೋಟೀನಿನ ಘಟಕಗಳ, ಹದ ಶಿಶುವಿನ ಅಗತ್ಯಕ್ಕೆ ಪೂರ್ತಿ ಹೊಂದುವುದಿಲ್ಲ. ಕೊರತೆ ಬೀಳದಿರಲೆಂದು ತಯಾರಕರು ಪ್ರಮಾಣವನ್ನೇ ಹೆಚ್ಚಿಸುತ್ತಾರೆ. ಹೆಚ್ಚಾದ ಪ್ರೋಟೀನ್ ಇನ್ಸುಲಿನ್ ಮತ್ತು ಐಜಿಎಫ್-1 ಎಂಬ ಬೆಳವಣಿಗೆಯ ಹಾರ್ಮೋನನ್ನು ಏರಿಸುತ್ತದೆ, ಕೊಬ್ಬೂ ಬೇಗ ಕೂಡುತ್ತದೆ. ಯುರೋಪಿನ ಹಲವು ದೇಶಗಳಲ್ಲಿ ಹೆಚ್ಚು ಪ್ರೋಟೀನಿನ ಮತ್ತು ಕಡಿಮೆ ಪ್ರೋಟೀನಿನ ಡಬ್ಬಿ ಹಾಲನ್ನು ಹೋಲಿಸಿ ನೋಡಿದಾಗ, ಎರಡು ವರ್ಷಕ್ಕೆ ಮೊದಲ ಗುಂಪಿನ ಮಕ್ಕಳ ತೂಕ ಹೆಚ್ಚಿತ್ತು, ಉದ್ದದಲ್ಲಿ ಮಾತ್ರ ವ್ಯತ್ಯಾಸವಿರಲಿಲ್ಲ. ಆರನೇ ವರ್ಷದಲ್ಲಿ ಬೊಜ್ಜೂ ಅದೇ ಗುಂಪಿನಲ್ಲಿ ಹೆಚ್ಚು ಕಂಡಿತು. ದುಂಡಗಿರುವ ಮಗುವೇ ಗಟ್ಟಿ ಮಗು ಎಂಬ ನಂಬಿಕೆಯನ್ನು ದಯವಿಟ್ಟು ಬಿಡಿ.

ಬಾಟಲಿಯ ಪಾತ್ರವೂ ಇದೆ. ಮೊಲೆ ಕುಡಿಯುವ ಮಗು ಹೊಟ್ಟೆ ತುಂಬಿದಾಗ ತಾನೇ ಬಿಡುತ್ತದೆ. ಬಾಟಲಿಯಲ್ಲಿ ಉಳಿದದ್ದನ್ನು ನಾವು ಕುಡಿಸಿ ಮುಗಿಸುತ್ತೇವೆ.

ಮೊದಲ ಎರಡು ಮೂರು ತಿಂಗಳು ಎರಡೂ ಬಗೆಯ ಮಕ್ಕಳು ಸರಿಸಮ ಬೆಳೆದು, ಆಮೇಲೆ ಎದೆಹಾಲಿನ ಮಕ್ಕಳ ತೂಕದ ಏರಿಕೆ ನಿಧಾನವಾಗುತ್ತದೆ. ಆದ್ದರಿಂದ ಮಗಳನ್ನು ಅಕ್ಕನ ಮಗುವಿನ ಜೊತೆ ಹೋಲಿಸದೆ, ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಎದೆಹಾಲುಂಡ ಮಕ್ಕಳನ್ನೇ ಆಧರಿಸಿ ಕೊಟ್ಟ ಬೆಳವಣಿಗೆ ಪಟ್ಟಿಯಲ್ಲಿ ಗುರುತಿಸಿ. ಬಟ್ಟೆ ಬಿಚ್ಚಿ, ಪ್ರತಿ ಸಲ ಒಂದೇ ತಕ್ಕಡಿಯಲ್ಲಿ ತೂಗಿ. ತೂಕ ಒಂದೊಂದೇ ಗೆರೆ ದಾಟಿ ಕೆಳಗಿಳಿಯುತ್ತಿದ್ದರೆ, ದಿನಕ್ಕೆ ಆರು ಸಲಕ್ಕಿಂತ ಕಡಿಮೆ ಉಚ್ಚೆ ಹೊಯ್ದರೆ, ಮಗು ಮಂಕಾಗಿದ್ದರೆ ವೈದ್ಯರಿಗೆ ತೋರಿಸಿ. ಅಗತ್ಯವಿಲ್ಲದೆ ಬಾಟಲಿ ಸೇರಿಸಿದರೆ ಮಗು ಮೊಲೆ ಚೀಪುವುದು ಕಡಿಮೆಯಾಗಿ ಹಾಲಿನ ಉತ್ಪತ್ತಿಯೂ ತಗ್ಗುತ್ತದೆ.

ನಿಮ್ಮಕ್ಕನಿಗೆ ಎರಡು ಮಾತು. ಡಬ್ಬಿಯ ಮೇಲೆ ಪ್ರೋಟೀನ್ 100 ಕ್ಯಾಲೊರಿಗೆ 2 ಗ್ರಾಂ ಆಸುಪಾಸಿನಲ್ಲಿದೆಯೇ ನೋಡಲಿ. ಬಾಟಲಿಗೆ ಮೊದಲು ನೀರು, ಆಮೇಲೆ ಡಬ್ಬಿಯಲ್ಲೇ ಇರುವ ಚಮಚದಿಂದ ತಲೆ ಸವರಿದ ಅಳತೆಯ ಪುಡಿ. ಪುಡಿ ಹೆಚ್ಚಾದರೆ ಮಲಬದ್ಧತೆ, ನಿರ್ಜಲೀಕರಣ. ನೀರು ಹೆಚ್ಚಾದರೆ ಮಗು ಸೊರಗುತ್ತದೆ, ರಕ್ತದ ಸೋಡಿಯಂ ಇಳಿದು ಫಿಟ್ಸ್ ಕೂಡ ಬರಬಹುದು. ಪುಡಿ ಕ್ರಿಮಿರಹಿತವಲ್ಲ. ಕುದಿಸಿದ ನೀರು 70 ಡಿಗ್ರಿಗಿಂತ ಕೆಳಗಿಳಿಯುವ ಮುನ್ನವೇ, ಅಂದರೆ ಅರ್ಧ ಗಂಟೆಯೊಳಗೆ, ಬೆರೆಸಿ. ನಂತರ ಬಾಟಲಿಯನ್ನು ತಣ್ಣೀರಿನಲ್ಲಿಟ್ಟು ಆರಿಸಿ, ಕೂಡಲೇ ಕುಡಿಸಿ. ಎರಡು ಗಂಟೆ ಕಳೆದರೆ ಉಳಿದದ್ದನ್ನು ಚೆಲ್ಲಿಬಿಡಬೇಕು.